ಅಂಗಡಿಯ ಹಾಳೆ, ಮನೆಯ ಹೂರಣ

ಕಣಕ ಕಲಸದೆ ತಿಂಡಿ ಮಾಡುವವರನ್ನು ನಮ್ಮ ಕಡೆಯ ಅಡುಗೆಮನೆಗಳು ಇನ್ನೂ ಪೂರ್ತಿಯಾಗಿ ಕ್ಷಮಿಸಿಲ್ಲ. ಅಂಗಡಿಯಿಂದ ತಂದ ಪಫ್ ಹಾಳೆಯನ್ನು ಬಿಡಿಸಿ, ಅದರೊಳಗೆ ಗೇರುಬೀಜದ ಹೂರಣವಿಟ್ಟು ಬೇಯಿಸಿ ಬಡಿಸಿದರೆ, ತಿಂದವರು ಎರಡನೆಯದಕ್ಕೆ ಕೈ ಚಾಚುತ್ತಲೇ "ಹಿಟ್ಟು ನೀನೇ ಮಾಡಿದ್ದಾ?" ಎಂದು ಕೇಳುತ್ತಾರೆ, ಅಲ್ಲವೆಂದರೆ ಮುಖದಲ್ಲಿ ಸಣ್ಣದೊಂದು ನಿರಾಸೆ ಸುಳಿಯುತ್ತದೆ. ಹಾಗೆ ಕೇಳುವವರೇ ಭತ್ತವನ್ನು ಮಿಲ್ಲಿಗೆ ಕಳಿಸುತ್ತಾರೆ, ಕೊಬ್ಬರಿಯನ್ನು ಎಣ್ಣೆ ಮಾಡಿಸಲು ಪೇಟೆಗೆ ಒಯ್ಯುತ್ತಾರೆ, ಶ್ಯಾವಿಗೆಯನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುತ್ತಾರೆ. ಯಾವ ಕೆಲಸವನ್ನು ಮನೆಯಿಂದ ಹೊರಗೆ ಕಳಿಸಬಹುದು, ಯಾವುದನ್ನು ಕಳಿಸಬಾರದು ಎಂಬ ಗೆರೆ ಒಂದೊಂದು ತಲೆಮಾರಿನಲ್ಲಿ ಒಂದೊಂದು ಕಡೆ ಬೀಳುತ್ತದೆ. ಪದರದ ಹಿಟ್ಟಿನ ವಿಷಯದಲ್ಲಿ ನಾನು ಆ ಗೆರೆಯನ್ನು ನಿಸ್ಸಂಕೋಚವಾಗಿ ಎಳೆದುಕೊಂಡಿದ್ದೇನೆ: ಹಿಟ್ಟು ಅಂಗಡಿಯದು, ಹೂರಣ ಮನೆಯದು.

ಪಫ್ ಹಿಟ್ಟಿನ ಲೆಕ್ಕ ಸುಲಭ, ಕೆಲಸ ಕಷ್ಟ. ಮೈದಾ ಕಣಕದ ನಡುವೆ ಬೆಣ್ಣೆಯ ಚಪ್ಪಟೆ ಗಟ್ಟಿಯೊಂದನ್ನಿಟ್ಟು ಮುಚ್ಚಿ, ಲಟ್ಟಿಸಿ, ಮೂರು ಮಡಿಕೆ ಮಾಡಿ, ತಣ್ಣಗಾಗಲು ಬಿಟ್ಟು, ಮತ್ತೆ ಲಟ್ಟಿಸಿ ಮಡಚಬೇಕು. ಹೀಗೆ ಆರು ಸಲ ಮಾಡಿದರೆ ಒಂದೇ ಪದರವಾಗಿದ್ದ ಬೆಣ್ಣೆ 729 ಪದರವಾಗುತ್ತದೆ. ಓವನ್ನಿನ ಬಿಸಿ ತಗುಲಿದಾಗ ಕಣಕದಲ್ಲಿರುವ ನೀರೂ ಬೆಣ್ಣೆಯಲ್ಲಿರುವ ನೀರೂ ಹಬೆಯಾಗುತ್ತವೆ; ಪದರಗಳು ಒಂದಕ್ಕೊಂದು ಅಂಟದಂತೆ ಕೊಬ್ಬು ತಡೆದಿರುವುದರಿಂದ ಆ ಹಬೆ ಅವುಗಳನ್ನು ಬಿಡಿಬಿಡಿಯಾಗಿ ಮೇಲಕ್ಕೆತ್ತುತ್ತದೆ. ಅದರಲ್ಲಿ ಈಸ್ಟ್ ಇಲ್ಲ, ಸೋಡಾ ಇಲ್ಲ. ಆದರೆ ಇದೆಲ್ಲ ನಡೆಯಬೇಕಾದರೆ ಲಟ್ಟಿಸುವಾಗ ಬೆಣ್ಣೆ ಗಟ್ಟಿಯಾಗಿಯೂ ಇರಬೇಕು, ಒಡೆಯದೆ ಬಾಗುವಂತೆಯೂ ಇರಬೇಕು. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೆತ್ತಗಾಗಿ ಕಣಕದೊಳಗೆ ಇಂಗತೊಡಗುವುದು ಅದಕ್ಕಿಂತ ಎಷ್ಟೋ ಮೊದಲೇ. ಕಾಸರಗೋಡಿನ ಕರಾವಳಿಯಿಂದ ಬದಿಯಡ್ಕ, ಮುಳ್ಳೇರಿಯದ ಗುಡ್ಡಗಳವರೆಗೆ ನಮ್ಮ ಯಾವ ಅಡುಗೆಮನೆಯೂ ವರ್ಷದ ಯಾವ ಮಧ್ಯಾಹ್ನವೂ ಆ ಕೆಲಸಕ್ಕೆ ಬೇಕಾದಷ್ಟು ತಂಪಾಗಿರುವುದಿಲ್ಲ. ಹವಾನಿಯಂತ್ರಕವಿರುವ ಕೋಣೆಗೆ ಲಟ್ಟಣಿಗೆ ಹಿಡಿದು ಹೋಗುವ ಉತ್ಸಾಹಿಗಳೂ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ, ಅನುಸರಿಸುವ ಮನಸ್ಸಿಲ್ಲ.

ಬಿಸಿಲ ನಾಡಿನವರು ಪದರದ ತಿಂಡಿಯನ್ನು ಕಾಣದವರೇನೂ ಅಲ್ಲ. ಚಿರೋಟಿಯನ್ನು ನೋಡಿ. ಅಕ್ಕಿಹಿಟ್ಟನ್ನು ತುಪ್ಪದಲ್ಲಿ ಚೆನ್ನಾಗಿ ನಾದಿ ಮಾಡಿದ ಸಾಟಿಯನ್ನು ತೆಳ್ಳಗೆ ಲಟ್ಟಿಸಿದ ಹಾಳೆಗಳ ಮೇಲೆ ಹಚ್ಚಿ, ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ, ತುಂಡು ಮಾಡಿ, ಮತ್ತೆ ಮೃದುವಾಗಿ ಲಟ್ಟಿಸಿ ಕರಿಯುತ್ತಾರೆ. ಇಲ್ಲಿ ತುಪ್ಪ ತೀರಾ ಕರಗಿ ಹರಿಯದಂತೆ ಹಿಡಿದಿಡುವುದು ಅಕ್ಕಿಹಿಟ್ಟು. ಶೀತಲ ಪೆಟ್ಟಿಗೆಯ ಕೆಲಸವನ್ನು ಅದೇ ಮಾಡುತ್ತದೆ. ಮಡಿಕೆ ಕಡಿಮೆ, ಕಾಯುವ ಹೊತ್ತು ಕಡಿಮೆ, ಕರಿಯುವ ಎಣ್ಣೆಯ ಬಿಸಿಗೆ ಪದರಗಳು ಕೂಡಲೇ ಬಿಟ್ಟುಕೊಳ್ಳುತ್ತವೆ. ನಮ್ಮ ಹವೆಗೆ ಹೊಂದುವ ಇದಕ್ಕಿಂತ ಜಾಣ ಪದರದ ಹಿಟ್ಟು ನನಗೆ ಗೊತ್ತಿಲ್ಲ. ಮನೆಯಲ್ಲೇ ಹಿಟ್ಟಿನ ಕೈಚಳಕ ತೋರಿಸಬೇಕೆಂದಿದ್ದರೆ ಚಿರೋಟಿ ಮಾಡುವುದೇ ಸರಿ. ಬೆಣ್ಣೆಯ ಹಿಟ್ಟಿನೊಡನೆ ಏಪ್ರಿಲಿನಲ್ಲಿ ಗುದ್ದಾಡುವುದರಲ್ಲಿ ಅರ್ಥವಿಲ್ಲ.

ಕುಂಬಳೆ, ಉಪ್ಪಳ, ಬದಿಯಡ್ಕದಂತಹ ಪೇಟೆಗಳ ಅಂಗಡಿಗಳ ಫ್ರೀಜರ್‌ಗಳಲ್ಲಿ ಸಮೋಸದ ಹಾಳೆಯೂ ಪರೋಟವೂ ಸಲೀಸಾಗಿ ಸಿಗುತ್ತವೆ. ಪಫ್ ಹಾಳೆಗಾಗಿ ಕೆಲವೊಮ್ಮೆ ಕಾಸರಗೋಡಿಗೋ ಮಂಗಳೂರಿಗೋ ಹೋದವರ ಕೈಯಲ್ಲಿ ತರಿಸಬೇಕಾಗುತ್ತದೆ. ಪರಿಚಯದ ಬೇಕರಿಯವರಿದ್ದರೆ ಅದೂ ಬೇಡ, ಅವರು ದಿನಾ ಮಾಡುವ ಹಿಟ್ಟಿನಲ್ಲೇ ಅರ್ಧ ಕಿಲೋ ತೂಗಿ ಕೊಡುತ್ತಾರೆ. ನಮ್ಮ ಬದಿಯಲ್ಲಿ ಬೇಕರಿಗೆ ಏನೂ ಕೊರತೆಯಿಲ್ಲ. ಇಲ್ಲಿಂದ ದಕ್ಷಿಣಕ್ಕೆ ಅಷ್ಟೇನೂ ದೂರವಿಲ್ಲದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1883ರಲ್ಲೇ ಕ್ರಿಸ್ಮಸ್ ಕೇಕ್ ಮಾಡಿಕೊಟ್ಟ ಕಥೆ ಮಲಬಾರಿನ ಬೇಕರಿಯವರಿಗೆಲ್ಲ ಹೆಮ್ಮೆಯದು. ಮೊಟ್ಟೆ ಪಫ್ಸ್ ತಿಂದು ಬಸ್ಸು ಹತ್ತಿದ ನಮಗೆ ಈ ಹಿಟ್ಟಿನ ರುಚಿ ಹೊಸದಲ್ಲ. ಬೀಜದ ಸಿಹಿ ಹೂರಣವನ್ನು ಅದರೊಳಗೆ ಇಡುವುದಷ್ಟೇ ಹೊಸದು.

ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಬದಿಯನ್ನು ಓದಬೇಕು. ಕಡಿಮೆ ಬೆಲೆಯ ಹಾಳೆಗಳಲ್ಲಿ ಬೆಣ್ಣೆಯ ಬದಲು, ಹೆಚ್ಚಿನ ಬಿಸಿಯಲ್ಲಿ ಕರಗುವ ವನಸ್ಪತಿ ಕೊಬ್ಬಿರುತ್ತದೆ. ನಮ್ಮ ಸೆಕೆಯಲ್ಲಿ ಅದರಿಂದ ಕೈಗೆ ಅನುಕೂಲವೇ, ಹಿಟ್ಟು ಬೇಗ ಸೋರುವುದಿಲ್ಲ. ನಾಲಿಗೆಗೆ ಮಾತ್ರ ಅಷ್ಟು ಅನುಕೂಲವಲ್ಲ, ತಿಂದ ಮೇಲೆ ಅಂಗುಳಿನಲ್ಲಿ ಮೇಣದಂತಹ ತೆಳು ಲೇಪವೊಂದು ಉಳಿಯುತ್ತದೆ. ಅಂಥ ಹಾಳೆಯಾದರೆ ತಿಂಡಿಯನ್ನು ಬಿಸಿಯಾಗಿಯೇ ತಿನ್ನಬೇಕು, ಹೂರಣಕ್ಕೆ ತುಸು ತುಪ್ಪ ಸೇರಿಸಬೇಕು. ಪ್ಯಾಕೆಟ್ಟು ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದೇ ಎಂದು ಮುಟ್ಟಿ ನೋಡುವುದೂ ಒಳ್ಳೆಯದು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಒಳಗೆ ಮಂಜುಹರಳು ಕಟ್ಟಿ, ಹಾಳೆಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ; ಅಂಥದ್ದು ಎಷ್ಟು ಬೇಯಿಸಿದರೂ ಏಳುವುದಿಲ್ಲ.

ಇನ್ನು ಬೀಜದ ವಿಚಾರ. ಬಾದಾಮಿ, ಅಕ್ರೋಟು, ಪಿಸ್ತಾಗಳನ್ನು ಹೊಗಳುವ ಪಾಕವಿಧಾನಗಳು ಬೇಕಾದಷ್ಟಿವೆ. ಹಿತ್ತಿಲಿನಲ್ಲೇ ಗೇರುಮರವಿರುವ ನಾವು ಅವುಗಳ ಹಿಂದೆ ಹೋಗಬೇಕಾಗಿಲ್ಲ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಈ ಮರ ನಮ್ಮ ಜಂಬಿಟ್ಟಿಗೆಯ ಒಣ ಗುಡ್ಡಗಳಲ್ಲಿ ಬೇರೆ ಬೆಳೆಗಳು ಒಲ್ಲೆನೆಂದ ಕಡೆಯಲ್ಲೂ ಬೇರುಬಿಟ್ಟಿತು. ತೆಂಗಿನ ಸಂಶೋಧನೆಗಾಗಿ 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾಗಿ ಈಗ ಸಿಪಿಸಿಆರ್‌ಐ ಎಂದು ಹೆಸರಾದ ಕೇಂದ್ರವೇ ಗೇರಿನ ಸಂಶೋಧನೆಯನ್ನೂ ನೋಡಿಕೊಳ್ಳುತ್ತಿತ್ತು. 1986ರಲ್ಲಿ ಪುತ್ತೂರಿನಲ್ಲಿ ಗೇರಿಗೇ ಪ್ರತ್ಯೇಕ ಕೇಂದ್ರವಾಯಿತು. ಅದೇ ಗೇರಿನ ಹೆಸರಿನಲ್ಲಿ ನಮ್ಮ ಜಿಲ್ಲೆ ಅನುಭವಿಸಿದ್ದನ್ನೂ ಮರೆಯಲಾಗದು. ಸರಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಎಣ್ಮಕಜೆ, ಮುಳಿಯಾರಿನಂತಹ ಊರುಗಳ ಮನೆಗಳಲ್ಲಿ ಅದರ ಬೆಲೆ ತೆತ್ತವರು ಇಂದಿಗೂ ಇದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆಯಿತು. ಹಿತ್ತಿಲಿನ ಮರದಿಂದ ತಾನಾಗಿ ಉದುರಿದ ಬೀಜವನ್ನೇ ಹೆಕ್ಕಿ ಬಳಸುವ ಹಟ ನಮ್ಮಲ್ಲಿ ಕೆಲವರಿಗೆ ಹೆಚ್ಚಾದುದಕ್ಕೆ ಆ ನೆನಪೂ ಕಾರಣ.

ಫೆಬ್ರವರಿಯಿಂದ ಮೇವರೆಗೆ ಬೀಜ ಹೆಕ್ಕುವ ಕಾಲ. ಹೆಚ್ಚಿನದು ಹಸಿಯಾಗಿಯೇ ಪೇಟೆಗೆ ಹೋಗುತ್ತದೆ, ಮನೆಗೆಂದು ಉಳಿಸಿಕೊಂಡದ್ದನ್ನು ತೂತು ಹೊಡೆದ ಹಳೆಯ ತಗಡಿನ ಡಬ್ಬಿಯಲ್ಲಿ ಅಂಗಳದಲ್ಲೇ ಸುಡುತ್ತಾರೆ. ಸಿಪ್ಪೆಯೊಳಗಿನ ಎಣ್ಣೆ ಚಿಮ್ಮಿ ಧಗ್ಗನೆ ಉರಿಯುತ್ತದೆ. ಚರ್ಮಕ್ಕೆ ತಗುಲಿದರೆ ಸುಟ್ಟು ಗುಳ್ಳೆಯೇಳುತ್ತದೆ, ಹೊಗೆಯೂ ಕಣ್ಣಿಗೆ ಒಳ್ಳೆಯದಲ್ಲ. ಆದ್ದರಿಂದ ಇದು ದೂರದಲ್ಲಿ ನಿಂತು, ಉದ್ದ ಕೋಲು ಹಿಡಿದು, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಮಾಡುವ ಕೆಲಸ. ಹಸಿಬೀಜ ನಾಲ್ಕು ಕಿಲೋ ಸುಟ್ಟರೆ ತಿರುಳು ಒಂದು ಕಿಲೋ ಸಿಕ್ಕಿದರೆ ಹೆಚ್ಚು. ಮನೆಯಲ್ಲಿ ಕುಟ್ಟಿ ತೆಗೆದ ತಿರುಳು ಅರ್ಧಕ್ಕರ್ಧ ಒಡೆದಿರುತ್ತದೆ, ಅಲ್ಲಲ್ಲಿ ಕಪ್ಪು ಕಲೆಯಿರುತ್ತದೆ, ತುಸು ಹೊಗೆಯ ವಾಸನೆಯೂ ಅಂಟಿರುತ್ತದೆ. ಹೂರಣಕ್ಕೆ ಅದಕ್ಕಿಂತ ಒಳ್ಳೆಯದು ಬೇರೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವುದಾದರೂ ಇಡೀ ಬೀಜಕ್ಕೆ ಹಣ ಸುರಿಯಬೇಕಾಗಿಲ್ಲ. ಅಂಗಡಿಯ ಚೀಟಿಯಲ್ಲಿ ಕಾಣುವ ಡಬ್ಲ್ಯು 240, ಡಬ್ಲ್ಯು 320 ಎಂಬ ಅಂಕಿಗಳು ಒಂದು ಪೌಂಡಿಗೆ, ಎಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಬೀಜ ತೂಗುತ್ತವೆ ಎಂಬುದರ ಲೆಕ್ಕ. ಅಂಕಿ ಸಣ್ಣದಾದಷ್ಟೂ ಬೀಜ ದೊಡ್ಡದು, ಬೆಲೆಯೂ ದೊಡ್ಡದು. ಆ ಬೆಲೆ ಆಕಾರಕ್ಕೆ, ಬಣ್ಣಕ್ಕೆ ಕೊಡುವ ಬೆಲೆ. ಹೋಳು, ತುಂಡು ಎಂದು ಬೇರ್ಪಡಿಸಿ ಅಗ್ಗಕ್ಕೆ ಮಾರುವುದೂ ಅದೇ ಮರದ್ದು. ಹೇಗೂ ಹೆಚ್ಚಿ ಹಿಟ್ಟಿನೊಳಗೆ ಮುಚ್ಚುವ ವಸ್ತುವಿಗೆ ಆಕಾರದ ಬೆಲೆ ತೆರುವುದು ವ್ಯರ್ಥ.

ಒಂದು 400 ಗ್ರಾಂ ಪಫ್ ಹಾಳೆಗೆ 150 ಗ್ರಾಂ ಗೇರುಬೀಜ ಸಾಕು. ಮೊದಲು ಅದನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಎಲ್ಲರೂ ಬಿಡುವ ಹೆಜ್ಜೆ ಇದೇ, ಹೇಗೂ ಓವನ್ನಿನಲ್ಲಿ ಬೇಯುತ್ತದಲ್ಲ ಎಂಬ ತರ್ಕದಿಂದ. ಆದರೆ ಹಿಟ್ಟಿನೊಳಗೆ ಮುಚ್ಚಿಹೋದ ಬೀಜ ಹಬೆಯಲ್ಲಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಹುರಿಯದೆ ಇಟ್ಟದ್ದು ಕೊನೆಗೂ ಮೆತ್ತಗೆ, ಸಪ್ಪೆಯಾಗಿಯೇ ಉಳಿಯುತ್ತದೆ. ತೆಳು ಹೊಂಬಣ್ಣ ಬಂದೊಡನೆ ಇಳಿಸಿ, ಪೂರ್ತಿ ತಣಿದ ಮೇಲೆ ಚಾಕುವಿನಿಂದ ಕಡಲೆಬೇಳೆಯಷ್ಟು ಗಾತ್ರಕ್ಕೆ ಹೆಚ್ಚಬೇಕು. ಮಿಕ್ಸಿಗೆ ಹಾಕಬಾರದೆಂದಲ್ಲ, ಆದರೆ ಗೇರುಬೀಜದಲ್ಲಿ ನೂರಕ್ಕೆ ಸುಮಾರು 44 ಪಾಲು ಕೊಬ್ಬಿದೆ. ಎರಡು ಸುತ್ತು ಹೆಚ್ಚಾದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಆ ಎಣ್ಣೆ ಕೆಳಗಿನ ಪದರಕ್ಕಿಳಿದು ಅದನ್ನು ಏಳಗೊಡುವುದಿಲ್ಲ. ಅಕ್ರೋಟಿನಲ್ಲಿ ಕೊಬ್ಬು ನೂರಕ್ಕೆ 65 ಪಾಲಿರುವುದರಿಂದ ಅದನ್ನು ಬಳಸುವವರು ಇನ್ನೂ ಎಚ್ಚರವಾಗಿರಬೇಕು.

ಸಿಹಿಗೆ ಬೆಲ್ಲವೇ ನನ್ನ ಆಯ್ಕೆ, ಅದು ಕೊಡುವ ತೊಂದರೆಗಳೊಂದಿಗೆ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಬಿಸಿಗೆ ಬೇಗ ಕರಗುತ್ತದೆ, ಅಂಚಿನಲ್ಲಿ ಚೂರು ಜಾಗ ಸಿಕ್ಕಿದರೂ ಹರಿದು ತಟ್ಟೆಗೆ ಬಂದು ಕರಕಲಾಗುತ್ತದೆ. ಅದನ್ನು ಕಟ್ಟಿಹಾಕಲು ಒಣದ್ದೇನಾದರೂ ಬೇಕು. ಎರಡು ಚಮಚ ಹುರಿದ ಚಿರೋಟಿ ರವೆ, ಇಲ್ಲವೇ ಕೆಂಪಗಾಗುವವರೆಗೆ ಹುರಿದ ಕೊಬ್ಬರಿ ತುರಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕರಗಿದ ಬೆಲ್ಲವನ್ನು ಅದು ಹೀರಿಕೊಂಡು ಹೂರಣ ನಿಂತಲ್ಲೇ ನಿಲ್ಲುತ್ತದೆ. ಹಸಿ ತೆಂಗಿನ ತುರಿ ಮಾತ್ರ ಬೇಡ, ಅದರಲ್ಲಿ ನೀರಿದೆ. ತುರಿದ ಬೆಲ್ಲ 60 ಗ್ರಾಂ, ತುಪ್ಪ ಒಂದು ಚಮಚ, ನಾಲ್ಕು ಏಲಕ್ಕಿಯ ಪುಡಿ, ಎರಡು ಚಿಟಿಕೆ ಉಪ್ಪು. ಉಪ್ಪನ್ನು ಬಿಟ್ಟರೆ ಇಡೀ ತಿಂಡಿ ಮಂಕಾಗುತ್ತದೆ. ಮಕ್ಕಳಿಗೆ ಇನ್ನಷ್ಟು ಸಿಹಿ ಬೇಕೆನಿಸಿದರೆ ಮೇಲೆ ಸಕ್ಕರೆ ಉದುರಿಸಬಹುದು, ಒಳಗೆ ಹೆಚ್ಚಿಸಬಾರದು. ಕೈಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಉದುರಬೇಕು, ಅದೇ ಹದ.

ಗೇರುಬೀಜ ದುಬಾರಿಯಾದ ವರ್ಷ ನೆಲಗಡಲೆಯಲ್ಲೂ ಇದನ್ನು ಮಾಡಬಹುದು. ಹುರಿದು ಸಿಪ್ಪೆ ತೆಗೆದು, ಕಾಲು ಭಾಗ ಹುರಿದ ಎಳ್ಳು ಸೇರಿಸಿದರೆ ಎಳ್ಳುಂಡೆಯ ನೆಂಟನಂತಹ ಹೂರಣವಾಗುತ್ತದೆ.

ಹಾಳೆಯನ್ನು ಫ್ರೀಜರಿನಿಂದ ತೆಗೆದು ಅರ್ಧ ಗಂಟೆ ಹೊರಗಿಡಿ ಎಂದು ಪ್ಯಾಕೆಟ್ಟುಗಳು ಹೇಳುತ್ತವೆ. ಅದು ಯಾವುದೋ ತಣ್ಣನೆಯ ಊರಿನ ಲೆಕ್ಕ. ನಮ್ಮಲ್ಲಿ ಹದಿನೈದು ನಿಮಿಷ ಕಳೆಯುವಾಗಲೇ ಮುಟ್ಟಿ ನೋಡಬೇಕು. ಒಡೆಯದೆ ಬಿಚ್ಚಿಕೊಂಡರೆ ಸಾಕು, ಬೆರಳಿನ ಗುರುತು ಆಳವಾಗಿ ಮೂಡುವಷ್ಟು ಮೆತ್ತಗಾಗಬಾರದು. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ವರ್ಗಾಯಿಸುವುದು ಎಲ್ಲಕ್ಕಿಂತ ಸುರಕ್ಷಿತ. ಕತ್ತರಿಸುವ ಚಾಕು ಹರಿತವಾಗಿರಬೇಕು, ಎಳೆಯದೆ ನೇರ ಕೆಳಕ್ಕೆ ಒತ್ತಬೇಕು. ಎಳೆದರೆ ಅಂಚಿನ ಪದರಗಳು ಒಂದರೊಳಗೊಂದು ಸೇರಿ ಬೆಸುಗೆಯಾಗುತ್ತವೆ.

ಆಕಾರ ಅವರವರ ಇಷ್ಟ. ಹಾಳೆಯನ್ನು ದುಂಡಗೆ ಕತ್ತರಿಸಿ, ಎಂಟು ತ್ರಿಕೋನ ಮಾಡಿ, ಹೂರಣ ಉದುರಿಸಿ, ಅಗಲದ ಕಡೆಯಿಂದ ತುದಿಯತ್ತ ಸುರುಳಿ ಸುತ್ತುವ ಕ್ರಮ ಪೂರ್ವ ಯುರೋಪಿನ ಯಹೂದಿ ಮನೆಗಳ ರುಗೆಲಾಕ್ ಎಂಬ ತಿಂಡಿಯದು. ಅವರ ಹಳೆಯ ಹಿಟ್ಟು ಈಸ್ಟಿನದು. ಕ್ರೀಮ್ ಚೀಸ್ ಬೆರೆಸಿದ ಹಿಟ್ಟು ಅವರು ಅಮೆರಿಕಕ್ಕೆ ಹೋದ ಮೇಲೆ ಬಂತು. ಊರು ಬದಲಾದಾಗ ಹಿಟ್ಟು ಬದಲಾಗುವುದು ಹೊಸ ಸಂಗತಿಯೇನಲ್ಲ. ನಮ್ಮ ನೆರೆಯ ಕೊಂಕಣಿ ಮನೆಗಳಲ್ಲಿ ಕರ್ಜಿಕಾಯಿಯಂತಹ ನೆವ್ರಿಯ ಅಂಚನ್ನು ಬೆರಳಿನಿಂದ ಚಿವುಟಿ ಹಗ್ಗದಂತೆ ತಿರುಚಿ ಮುಚ್ಚುವುದನ್ನು ನೋಡಿದವರಿಗೆ ಪಫ್ ಹಾಳೆಗೂ ಹಾಗೆಯೇ ಮಾಡುವ ಆಸೆ ಬರುತ್ತದೆ. ಕರಿಯುವ ಗಟ್ಟಿ ಕಣಕಕ್ಕೆ ಆ ಅಂಚು ಬಲು ಚಂದ, ಆದರೆ ಪಫ್ ಹಾಳೆಯಲ್ಲಿ ತಿರುಚಿದ ಭಾಗ ದಪ್ಪನಾಗಿ ಹಸಿ ಉಳಿಯುತ್ತದೆ. ಅದಕ್ಕೆ ಚೌಕವನ್ನು ಅರ್ಧಕ್ಕೆ ಮಡಚಿ, ಒಳ ಅಂಚಿಗೆ ನೀರು ಸವರಿ, ಮುಳ್ಳುಚಮಚದಿಂದ ಒತ್ತುವುದೇ ಸಾಕು. ಅಂಚಿನಿಂದ ಒಂದು ಬೆರಳಗಲ ಹೂರಣ ಇರಬಾರದು. ಮೇಲೆ ಎರಡು ಸೀಳು ಬೇಕು, ಹಬೆ ಅಲ್ಲಿಂದ ಹೋಗದಿದ್ದರೆ ಅಂಚನ್ನು ಬಿಚ್ಚಿಕೊಂಡು ಹೋಗುತ್ತದೆ. ಬಣ್ಣಕ್ಕೆ ಮೊಟ್ಟೆ ಸವರುವವರು ಸವರಲಿ, ನಮ್ಮ ಮನೆಯಲ್ಲಿ ಚಿಟಿಕೆ ಸಕ್ಕರೆ ಬೆರೆಸಿದ ಹಾಲು. ಯಾವುದಾದರೂ ಸರಿ, ಕತ್ತರಿಸಿದ ಬದಿಗೆ ಇಳಿಯದಂತೆ ನೋಡಿಕೊಳ್ಳಬೇಕು; ಒಣಗಿದರೆ ಅದು ಅಂಟಾಗಿ ಪದರಗಳನ್ನು ಹಿಡಿದಿಡುತ್ತದೆ.

ತುಂಬಿದ ಮೇಲೆ ತಟ್ಟೆ ಸಮೇತ ಕಾಲು ಗಂಟೆ ಫ್ರಿಜ್ಜಿನಲ್ಲಿಡುವುದು ನಮ್ಮ ಹವೆಯಲ್ಲಿ ಕಡ್ಡಾಯವೆಂದೇ ತಿಳಿಯಬೇಕು. ತಣ್ಣಗಿರುವ ಹಿಟ್ಟು ಬಿಸಿ ಓವನ್ನಿಗೆ ಹೋದರೆ ಮಾತ್ರ ಕೊಬ್ಬು ಸೋರುವ ಮೊದಲೇ ಹಬೆ ಎದ್ದು ಪದರ ನಿಲ್ಲುತ್ತದೆ. ಓವನ್ 200 ಡಿಗ್ರಿಗೆ ಪೂರ್ತಿ ಕಾದಿರಬೇಕು. ಓಟಿಜಿ ಎಂಬ ಸಣ್ಣ ವಿದ್ಯುತ್ ಓವನ್ನುಗಳ ದೀಪ ಆರಿದ ಮೇಲೂ ಐದು ನಿಮಿಷ ಕಾಯುವುದು ಲೇಸು. ಇಪ್ಪತ್ತು ನಿಮಿಷ ಬೇಕಾಗುತ್ತದೆ, ಮೊದಲ ಹನ್ನೆರಡು ನಿಮಿಷ ಬಾಗಿಲು ತೆರೆಯಬಾರದು. ಮೇಲೆ ಬಣ್ಣ ಬಂದದ್ದು ನೋಡಿ ಇಳಿಸದೆ ಒಂದನ್ನೆತ್ತಿ ತಳ ನೋಡಬೇಕು, ತಳವೂ ಕಂದಾಗಿರಬೇಕು.

ಓವನ್ ಇಲ್ಲದ ಮನೆಗೆ ಪರೋಟವಿದೆ. ಪರೋಟದ ಹಿಟ್ಟನ್ನು ಬೀಸಿ ತೆಳ್ಳಗೆ ಮಾಡಿ, ಎಣ್ಣೆ ಸವರಿ, ನೆರಿಗೆ ಹಿಡಿದು ಸುರುಳಿ ಸುತ್ತುವುದರಿಂದ ಅದೂ ಪದರದ ಹಿಟ್ಟೇ. ಕೊಳ್ಳುವಾಗ ಬೇಯಿಸದ ಪರೋಟವನ್ನೇ ಆರಿಸಬೇಕು, ಅರೆಬೆಂದದ್ದರ ಅಂಚು ಅಂಟುವುದಿಲ್ಲ. ಕರಗಿದ ಪರೋಟದ ಅರ್ಧಕ್ಕೆ ಹೂರಣ ಹರಡಿ, ಮಡಚಿ, ಅಂಚೊತ್ತಿ, ಕಾವಲಿಯಲ್ಲಿ ತುಪ್ಪ ಬಿಟ್ಟು ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿದರೆ ಹೋಳಿಗೆಗೂ ಬೇಕರಿ ತಿಂಡಿಗೂ ನಡುವಿನದೊಂದು ಸಿದ್ಧವಾಗುತ್ತದೆ. ಸಂಜೆ ಹಠಾತ್ತಾಗಿ ಬಂದ ನೆಂಟರಿಗೆ ನಾನು ಮಾಡುವುದು ಇದನ್ನೇ.

ಸಮೋಸದ ಹಾಳೆಯ ದಾರಿ ಬೇರೆ, ಅದು ಬಕ್ಲಾವದತ್ತ ಹೋಗುತ್ತದೆ: ತೆಳು ಹಾಳೆಗಳ ನಡುವೆ ಬೀಜವಿಟ್ಟು ಬೇಯಿಸಿ ಸಕ್ಕರೆ ಪಾಕ ಹೊಯ್ಯುವ ಸಿಹಿ ಅದು. ನಮ್ಮ ಕರಾವಳಿಯಲ್ಲಿ ಕೊಲ್ಲಿಯಲ್ಲಿ ದುಡಿಯುವವರಿಲ್ಲದ ಬೀದಿ ಅಪರೂಪ, ರಜೆಗೆ ಬಂದವರ ಪೆಟ್ಟಿಗೆಯಿಂದ ಬಕ್ಲಾವದ ಡಬ್ಬಿ ನೆರೆಮನೆಗಳಿಗೂ ಬರುತ್ತದೆ. ಟರ್ಕಿಯ ಗಾಝಿಯಾಂಟೆಪ್ ನಗರದ ಪಿಸ್ತಾ ಬಕ್ಲಾವಕ್ಕೆ 2013ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆ ದೊರೆಯಿತು, ಅಲ್ಲಿ ಹಾಳೆಯನ್ನು ಎದುರಿನ ವಸ್ತು ಕಾಣುವಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಸಮೋಸದ ಹಾಳೆ ಅಷ್ಟು ತೆಳುವಲ್ಲ, ಕಾವಲಿ ಕಂಡು ಅರೆಬೆಂದದ್ದು; ಆದ್ದರಿಂದ ಪದರ ಕಡಿಮೆ, ತುಪ್ಪ ಧಾರಾಳ. ಕೆಳಗೆ ಆರು, ಮೇಲೆ ಆರು ಹಾಳೆ, ಪ್ರತಿಯೊಂದಕ್ಕೂ ತುಪ್ಪ, ನಡುವೆ ಬೆಲ್ಲವಿಲ್ಲದ ಗೇರುಬೀಜ. ಬೇಯಿಸುವ ಮೊದಲೇ ತಳದವರೆಗೆ ತುಂಡು ಮಾಡಬೇಕು, ಬೆಂದ ಮೇಲೆ ಚಾಕು ಇಟ್ಟರೆ ಎಲ್ಲ ಪುಡಿ. 170 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ 200 ಗ್ರಾಂ ಸಕ್ಕರೆ, 120 ಮಿಲಿಲೀಟರ್ ನೀರು ಕುದಿಸಿ, ಹರಳುಗಟ್ಟದಂತೆ ಕೆಲವು ಹನಿ ನಿಂಬೆರಸ ಹಿಂಡಿ, ಆರಿಸಿಟ್ಟಿರಬೇಕು. ಬಿಸಿ ಬಕ್ಲಾವಕ್ಕೆ ತಣ್ಣನೆಯ ಪಾಕ ಎಂಬುದು ಅಲ್ಲಿಯ ಮನೆಗಳ ನಿಯಮ. ಎರಡೂ ಬಿಸಿಯಾದರೆ ಹಾಳೆ ಮೆತ್ತಗಾಗುತ್ತದೆ. ಇದು ಮೂಲದ ಬಕ್ಲಾವವಲ್ಲ ಎಂದು ಕೊಲ್ಲಿಯಿಂದ ಬಂದವರು ಮೊದಲ ತುಂಡಿಗೇ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ತಟ್ಟೆ ಮಾತ್ರ ಖಾಲಿಯಾಗುತ್ತದೆ.

ಪಾಕ ಹೊಯ್ದದ್ದು ನಾಲ್ಕಾರು ದಿನ ಕೆಡದೆ ಇರುತ್ತದೆ. ಪಫ್ ಹಾಗಲ್ಲ, ಜೂನ್-ಜುಲೈಯ ಗಾಳಿಗೆ ಕೆಲವೇ ಗಂಟೆಗಳಲ್ಲಿ ಗರಿಗರಿ ಕಳೆದುಕೊಳ್ಳುತ್ತದೆ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ತನ್ನ ಹಬೆಗೇ ನೆನೆಯುತ್ತದೆ, ಆದ್ದರಿಂದ ಕಂಬಿಯ ಮೇಲೆ ಪೂರ್ತಿ ಆರಿಸಿ ತುಂಬಬೇಕು, ಮಾರನೆಯ ದಿನ 160 ಡಿಗ್ರಿಯಲ್ಲಿ ಐದಾರು ನಿಮಿಷ ಬಿಸಿ ಮಾಡಬೇಕು. ಮೈಕ್ರೋವೇವ್ ಇದನ್ನು ಚರ್ಮದ ತುಂಡು ಮಾಡಿಬಿಡುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ, ತುಂಬಿದ್ದನ್ನು ಹಸಿಯಾಗಿಯೇ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿಗಿಟ್ಟು, ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿಡುವುದು. ಬೇಕಾದಾಗ ಕರಗಿಸದೆ ನೇರ ಓವನ್ನಿಗೆ ಹಾಕಿ ಐದು ನಿಮಿಷ ಹೆಚ್ಚು ಬೇಯಿಸಿದರಾಯಿತು. ಆದರೆ ಒಮ್ಮೆ ಪೂರ್ತಿ ಕರಗಿದ ಹಾಳೆಯನ್ನು ಹೀಗೆ ಮತ್ತೆ ಹೆಪ್ಪುಗಟ್ಟಿಸಬಾರದು, ಇನ್ನೂ ಗಡುಸಾಗಿ ತಣ್ಣಗಿರುವಾಗಲೇ ತುಂಬಿ ಒಳಗಿಡಬೇಕು. ಕತ್ತರಿಸಿ ಉಳಿದ ಅಂಚುಗಳನ್ನು ಚಪಾತಿ ಹಿಟ್ಟಿನಂತೆ ಮುದ್ದೆ ಮಾಡಿ ನಾದಿದರೆ ಪದರವೆಲ್ಲ ಹೋಗುತ್ತದೆ. ಒಂದರ ಮೇಲೊಂದು ಪೇರಿಸಿ, ಲಘುವಾಗಿ ಲಟ್ಟಿಸಿ, ಉಳಿದ ಹೂರಣವನ್ನು ಉದುರಿಸಿ, ಉದ್ದುದ್ದ ಕಡ್ಡಿಗಳಾಗಿ ಕೊಯ್ದು ಮೊದಲಿನ 200 ಡಿಗ್ರಿಯಲ್ಲೇ ಬೇಯಿಸಬಹುದು.